ಎಂಟು ಆಂಟೆನಾ ಇದ್ದರೆ ಬಳಸಬೇಕಾದ ನಾಲ್ಕು ಯಾವುವು?

ನಮ್ಮ ಮನೆ ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡೆಯ ಬುಡದಲ್ಲಿ. ಎದುರಿಗೆ ಅಡಿಕೆ ತೋಟ, ಹಿಂದೆ ಮುರಕಲ್ಲಿನ ದರೆ, ಟವರ್ ಇರುವುದು ಗುಡ್ಡೆಯ ಆಚೆ ಮಗ್ಗುಲಿಗೆ. ಎರಡು ವರ್ಷದ ಹಿಂದೆ 4ಜಿ ರೌಟರ್ ತಂದೆ. ಅದಕ್ಕೆ ಹೊರಗಿನ ಆಂಟೆನಾ ಎರಡು ತರಿಸಿ, ಒಂದೇ ಪೈಪಿಗೆ ಎರಡನ್ನೂ ಅಕ್ಕಪಕ್ಕ ನೆಟ್ಟಗೆ ಕಟ್ಟಿದೆ. ರೌಟರಿನಲ್ಲಿ ಎರಡಿದ್ದ ಸಿಗ್ನಲ್ ಕಡ್ಡಿ ನಾಲ್ಕಾಯಿತು. ಸ್ಪೀಡ್ ಮಾತ್ರ ಇದ್ದಲ್ಲೇ ಇತ್ತು. ಒಂದು ವಾರ ತಲೆ ಕೆಡಿಸಿಕೊಂಡು, ಮಾರಿದವರಿಗೆ ಫೋನ್ ಮಾಡಿ, ಅವರು "ಟವರ್‌ನಲ್ಲಿ ಜನ ಜಾಸ್ತಿ" ಅಂತ ಸಾಗಹಾಕಿದ ಮೇಲೆ, ಒಂದು ಆಂಟೆನಾವನ್ನು ಸುಮ್ನೆ 90 ಡಿಗ್ರಿ ತಿರುಗಿಸಿ ಅಡ್ಡ ಕಟ್ಟಿ ನೋಡಿದೆ. ಒಂದು ಕಡ್ಡಿ ಕಡಿಮೆಯಾಯಿತು. ಸ್ಪೀಡ್ ಹೆಚ್ಚುಕಮ್ಮಿ ಎರಡರಷ್ಟಾಯಿತು.

ಇದೇ ಹೊತ್ತಿಗೆ ಅಕ್ಕನ ಮಗ ಎಂಟೆಕ್ ಪ್ರಾಜೆಕ್ಟಿಗೆ ಆಂಟೆನಾ ಸೆಲೆಕ್ಷನ್ ಅಂತ ವಿಷಯ ತೆಗೆದುಕೊಂಡಿದ್ದ. ಎಂಟು ಆಂಟೆನಾ ಉಂಟು, ನಾಲ್ಕನ್ನು ಮಾತ್ರ ಬಳಸಲು ಆಗುತ್ತದೆ, ಯಾವ ನಾಲ್ಕು? ಅವನಿಗೆ ಸಿಕ್ಕ ವಿಧಾನಗಳೇ ಹತ್ತಾರು. "ಮಾವ, ಯಾವುದು ಒಳ್ಳೆಯದು?" ಅಂತ ಕೇಳಿದ. ನನ್ನ ಮಾಡಿನ ಮೇಲಿನ ತಾಪತ್ರಯ ಮತ್ತು ಅವನ ಪ್ರಾಜೆಕ್ಟ್ ಎರಡೂ ಒಂದೇ ಪ್ರಶ್ನೆ ಅಂತ ನನಗೆ ಆಗ ಹೊಳೆದದ್ದು. ಈ ಬರಹ ಅವನಿಗೂ ಆಗುತ್ತದೆ, ರೌಟರ್ ಹಿಡಿದು ತೋಟದಲ್ಲಿ ಸಿಗ್ನಲ್ ಹುಡುಕುತ್ತಾ ತಿರುಗುವವರಿಗೂ ಆಗುತ್ತದೆ.

ಇಷ್ಟೆಲ್ಲ ಆಂಟೆನಾ ಇಟ್ಟು ಮತ್ತೆ ಆರಿಸುವುದು ಯಾಕೆ?

ಯಾಕೆಂದರೆ ಆಂಟೆನಾ ಅಗ್ಗ, ಅದರ ಹಿಂದಿನ ಸರಂಜಾಮು ದುಬಾರಿ. ಆಂಟೆನಾ ಅಂದರೆ ಒಂದು ತುಂಡು ತಾಮ್ರ, ಅಷ್ಟೇ. ಅದರ ಹಿಂದೆ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಆಂಪ್ಲಿಫೈಯರ್ ಬೇಕು, ಫಿಲ್ಟರ್ ಬೇಕು, ಮಿಕ್ಸರ್ ಬೇಕು, ಕೊನೆಗೆ ಅದನ್ನು ಅಂಕಿಗಳಾಗಿ ಬದಲಿಸುವ ಕನ್ವರ್ಟರ್ ಬೇಕು. ಇದಕ್ಕೆಲ್ಲ ಸೇರಿ ಆರ್‌ಎಫ್ ಚೈನ್ ಅನ್ನುತ್ತಾರೆ. ಪ್ರತಿಯೊಂದು ಚೈನ್ ಕರೆಂಟ್ ತಿನ್ನುತ್ತದೆ, ಬಿಸಿಯಾಗುತ್ತದೆ, ಜಾಗ ಕೇಳುತ್ತದೆ. ಹಾಗಾಗಿ ಆಂಟೆನಾ ಎಂಟು, ಚೈನ್ ನಾಲ್ಕು, ನಡುವೆ ಒಂದು ಸ್ವಿಚ್ಚು. ಆ ಸ್ವಿಚ್ಚು ಯಾವಾಗ ಎಲ್ಲಿಗೆ ತಿರುಗಬೇಕು ಅನ್ನುವುದೇ ನಮ್ಮ ವಿಷಯ.

ಇದು ಬರೀ ಪುಸ್ತಕದ ಮಾತಲ್ಲ. ಕಿಸೆಯಲ್ಲಿರುವ ಫೋನನ್ನೇ ತೆಗೆದುಕೊಳ್ಳಿ. 3.5 ಗಿಗಾಹರ್ಟ್ಸ್ ಸುತ್ತಮುತ್ತಲಿನ ಎನ್78 ಅನ್ನುವ 5ಜಿ ಬ್ಯಾಂಡ್ ಉಂಟಲ್ವಾ, ಅದರಲ್ಲಿ ಕೆಲಸ ಮಾಡುವ ಫೋನಿಗೆ ಸಿಗ್ನಲ್ ಪಡೆಯಲು ಕನಿಷ್ಠ ನಾಲ್ಕು ಆಂಟೆನಾ ಇರಬೇಕು ಅನ್ನುವುದು ನಿಯಮ. ಆದರೆ ಕಳಿಸುವ ಚೈನ್ ಹೆಚ್ಚಿನ ಫೋನುಗಳಲ್ಲಿ ಒಂದೋ ಎರಡೋ. ಆದ್ದರಿಂದ ಫೋನು ಒಂದೇ ಚೈನನ್ನು ನಾಲ್ಕು ಆಂಟೆನಾಗಳಿಗೆ ಸರದಿಯಲ್ಲಿ ತಿರುಗಿಸಿ, ಪ್ರತಿಯೊಂದರಿಂದಲೂ ಒಂದು ಪರೀಕ್ಷಾ ಸಿಗ್ನಲ್ ಕಳಿಸುತ್ತದೆ. ಆಂಟೆನಾಕ್ಕೂ ಟವರಿಗೂ ನಡುವಿನ ನಾಲ್ಕೂ ದಾರಿಗಳು ಹೇಗಿವೆ ಅಂತ ಟವರಿಗೆ ತಿಳಿಯುವುದು ಹಾಗೆ. 4ಜಿಯ ಮೊದಲ ಆವೃತ್ತಿಯಲ್ಲೇ ಫೋನು ಯಾವ ಆಂಟೆನಾದಿಂದ ಕಳಿಸಬೇಕು ಅಂತ ಟವರ್ ಹೇಳುವ ಏರ್ಪಾಡು ಇತ್ತು. 2009ರ ವೈಫೈ ಮಾನದಂಡ 802.11ಎನ್‌ನಲ್ಲೂ ಆಂಟೆನಾ ಆರಿಸುವ ವಿಧಾನ ಸೇರಿತ್ತು.

ಎಲ್ಲವನ್ನೂ ಬಳಸುವುದಾ, ಆರಿಸುವುದಾ?

ಇದಕ್ಕೆ ಜಾಸ್ತಿ ಯೋಚನೆ ಬೇಡ. ಎಲ್ಲ ಆಂಟೆನಾಗಳಿಗೂ ಚೈನ್ ಇದ್ದು ಕರೆಂಟಿನ ಚಿಂತೆ ಇಲ್ಲದಿದ್ದರೆ ಎಲ್ಲವನ್ನೂ ಬಳಸಿ. ಆರಿಸುವುದು ಬಡವನ ಉಪಾಯ, ಶ್ರೀಮಂತನ ಉಪಾಯ ಅಲ್ಲ.

ಆದರೆ ಬಡವನ ಉಪಾಯವೂ ಎಷ್ಟು ಚೆನ್ನಾಗಿ ನಡೆಯುತ್ತದೆ ಅನ್ನುವುದನ್ನು ಒಮ್ಮೆ ನೋಡಬೇಕು. ಒಂದು ಆಂಟೆನಾ ಹತ್ತರಲ್ಲಿ ಒಂದು ಸಲ ಸಿಗ್ನಲ್ ಗುಂಡಿಗೆ ಬೀಳುತ್ತದೆ ಅಂದುಕೊಳ್ಳಿ. ಗೋಡೆ, ಮರ, ದರೆಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಹೊಡೆದುಹಾಕುವ ಜಾಗಕ್ಕೆ ನಾನು ಗುಂಡಿ ಅನ್ನುತ್ತೇನೆ. ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಆಂಟೆನಾ ಇದ್ದರೆ ನಾಲ್ಕೂ ಒಟ್ಟಿಗೆ ಗುಂಡಿಗೆ ಬೀಳುವುದು 10,000ದಲ್ಲಿ ಒಂದು ಸಲ ಮಾತ್ರ. ಆಗ ಯಾವುದು ಚೆನ್ನಾಗಿದೆಯೋ ಅದೊಂದನ್ನೇ ಹಿಡಿದರೂ ಈ ರಕ್ಷಣೆ ಪೂರ್ತಿ ಸಿಗುತ್ತದೆ. ನಾಲ್ಕನ್ನೂ ಕೂಡಿಸಬೇಕು ಅಂತಿಲ್ಲ. ಹಾಗಾದರೆ ಕಳೆದುಕೊಂಡದ್ದು ಏನು? ಕೂಡಿಸಿದಾಗ ಸಿಗುವ ಬಲ. ನಾಲ್ಕನ್ನೂ ಸರಿಯಾಗಿ ಕೂಡಿಸಿದರೆ ಸರಾಸರಿ ಸಿಗ್ನಲ್ 4 ಪಟ್ಟು, ಅಂದರೆ 6 ಡಿಬಿ ಲಾಭ (ಡಿಬಿ ಅಂದರೆ ಡೆಸಿಬೆಲ್, ಎಷ್ಟು ಪಟ್ಟು ಅನ್ನುವುದನ್ನು ಹೇಳುವ ಅಳತೆ). ಒಳ್ಳೆಯದೊಂದನ್ನು ಆರಿಸಿದರೆ ಸುಮಾರು 2.08 ಪಟ್ಟು, 3.2 ಡಿಬಿ. ಒಂದೇ ಚೈನಿನ ಖರ್ಚಿಗೆ ಇದು ಕೆಟ್ಟ ವ್ಯಾಪಾರ ಅಲ್ಲ ಅಲ್ವಾ?

ಇದು ಒಂದೇ ಮಾತನ್ನು ಗಟ್ಟಿಯಾಗಿ ಕೇಳಿಸಿಕೊಳ್ಳುವ ಲೆಕ್ಕ. ಟವರ್ ಒಂದೇ ಸಲಕ್ಕೆ ಎರಡು ಮೂರು ಬೇರೆ ಬೇರೆ ಮಾತುಗಳನ್ನು, ಅಂದರೆ ಬೇರೆ ಬೇರೆ ಡೇಟಾ ಸಾಲುಗಳನ್ನು ಕಳಿಸುವಾಗ ಲೆಕ್ಕ ಬದಲಾಗುತ್ತದೆ. ನಾನು ಮೋಸ ಹೋದದ್ದೂ ಅಲ್ಲಿಯೇ.

ಜೋರಾಗಿ ಕೇಳುವುದನ್ನೇ ಆರಿಸುವ ವಿಧಾನ

ಎಲ್ಲರಿಗೂ ಮೊದಲು ಹೊಳೆಯುವುದು ಇದು. ಪ್ರತಿ ಆಂಟೆನಾದ ಸಿಗ್ನಲ್ ಬಲ ಅಳೆಯಿರಿ, ಮೇಲಿನ ನಾಲ್ಕನ್ನು ತೆಗೆದುಕೊಳ್ಳಿ, ಮುಗಿಯಿತು. ಪುಸ್ತಕಗಳಲ್ಲಿ ಇದಕ್ಕೆ ನಾರ್ಮ್ ಆಧಾರದ ಆಯ್ಕೆ ಅನ್ನುತ್ತಾರೆ. ಲೆಕ್ಕ ಸುಲಭ, ವೇಗ ಚೆನ್ನ, ಕೆಲವು ಕಡೆ ಉತ್ತರವೂ ಸರಿ. ಕೆಲವು ಕಡೆ ಮಾತ್ರ.

ಒಂದು ಚಿಕ್ಕ ಲೆಕ್ಕ ಮಾಡೋಣ. ಟವರ್‌ನಲ್ಲಿ ಎರಡು ಆಂಟೆನಾ, ನಿಮ್ಮ ಹತ್ತಿರ ಮೂರು, ಚೈನ್ ಎರಡೇ. ನಿಮ್ಮ ಮೊದಲ ಆಂಟೆನಾಕ್ಕೆ ಟವರ್‌ನ ಎರಡು ಆಂಟೆನಾಗಳಿಂದ ಬರುವ ಸಿಗ್ನಲ್ 3 ಮತ್ತು 3. ಎರಡನೆಯದಕ್ಕೂ 3 ಮತ್ತು 3. ಮೂರನೆಯದಕ್ಕೆ 2 ಮತ್ತು ಮೈನಸ್ 2, ಅಂದರೆ ಎರಡನೇ ಅಲೆ ತಲೆಕೆಳಗಾಗಿ ಬರುತ್ತದೆ. ಬಲ ಅಂದರೆ ವರ್ಗಗಳ ಮೊತ್ತ. ಅದು ಕ್ರಮವಾಗಿ 18, 18, 8. ಜೋರಾಗಿ ಕೇಳುವುದನ್ನು ಆರಿಸುವವರು ಕಣ್ಣುಮುಚ್ಚಿ ಮೊದಲ ಎರಡನ್ನು ಹಿಡಿಯುತ್ತಾರೆ.

ಈಗ ಗದ್ದಲವನ್ನು, ಅಂದರೆ ಸಿಗ್ನಲ್ಲಿನ ಜೊತೆ ಬರುವ ಬೇಡದ ನಾಯ್ಸನ್ನು, 1 ಅಂತಲೂ, ಟವರ್‌ನ ಪ್ರತಿ ಆಂಟೆನಾ ಕಳಿಸುವ ಶಕ್ತಿಯನ್ನು 1 ಅಂತಲೂ ಇಟ್ಟುಕೊಂಡು ದಾರಿಯ ಸಾಮರ್ಥ್ಯ, ಅಂದರೆ ಅದರಲ್ಲಿ ಹೆಚ್ಚೆಂದರೆ ಎಷ್ಟು ಡೇಟಾ ಸಾಗಬಹುದು ಅಂತ ಲೆಕ್ಕ ಹಾಕಿ. ಮೊದಲ ಎರಡನ್ನು ಹಿಡಿದರೆ ಪ್ರತಿ ಹರ್ಟ್ಸಿಗೆ ಸೆಕೆಂಡಿಗೆ ಸುಮಾರು 5.2 ಬಿಟ್. ಮೊದಲನೆಯದನ್ನೂ ಬಡಪಾಯಿ ಮೂರನೆಯದನ್ನೂ ಹಿಡಿದರೆ 7.4 ಬಿಟ್. ಅರ್ಧಕ್ಕಿಂತ ಕಡಿಮೆ ಬಲದ ಆಂಟೆನಾ ಗೆದ್ದಿತು. ಯಾಕೆ? ಮೊದಲ ಎರಡು ಆಂಟೆನಾ ಕೇಳುತ್ತಿರುವುದು ಒಂದೇ ಮಾತು. ಎರಡನೆಯದು ಹೊಸದೇನನ್ನೂ ಹೇಳುವುದಿಲ್ಲ. ಮೂರನೆಯದು ಮೆಲ್ಲಗೆ ಹೇಳಿದರೂ ಬೇರೆಯದನ್ನು ಹೇಳುತ್ತದೆ.

ಬಾಯಾರು, ಎಣ್ಮಕಜೆ ಕಡೆ ಸುರಂಗ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗುಡ್ಡೆಯೊಳಗೆ ಅಡ್ಡ ಕೊರೆದು ನೀರು ತೆಗೆಯುತ್ತಾರಲ್ಲ, ಅದು. ಒಂದೇ ಒರತೆಗೆ ಎರಡು ಸುರಂಗ ಕೊರೆದರೆ ಎರಡರಲ್ಲೂ ನೀರು ಕಾಣುತ್ತದೆ, ಆದರೆ ತೊಟ್ಟಿಗೆ ಬೀಳುವ ನೀರು ಎರಡು ಪಟ್ಟಾಗುವುದಿಲ್ಲ. ಎರಡನೆಯದನ್ನು ಬೇರೆ ಒರತೆಗೆ ಕೊರೆಯಬೇಕು, ಅದು ಸಣ್ಣದಾದರೂ ಅಡ್ಡಿಯಿಲ್ಲ. ನನ್ನ ಮಾಡಿನ ಮೇಲೆ ನಾನು ಮಾಡಿದ್ದು ಒಂದೇ ಒರತೆಗೆ ಎರಡು ಸುರಂಗ.

ಹಾಗಂತ ಈ ವಿಧಾನವನ್ನು ಬೈದು ಬಿಸಾಡಬೇಡಿ. ಅದೇ ಲೆಕ್ಕದಲ್ಲಿ ಸಿಗ್ನಲ್ ಶಕ್ತಿಯನ್ನು ನೂರರಲ್ಲಿ ಒಂದು ಪಾಲು ಮಾಡಿ ನೋಡಿ. ಈಗ ಮೊದಲ ಎರಡಕ್ಕೆ 0.44 ಬಿಟ್, ಮೊದಲನೆಯದು ಮತ್ತು ಮೂರನೆಯದಕ್ಕೆ 0.35 ಬಿಟ್. ಜೋರಿನದೇ ಗೆಲ್ಲುತ್ತದೆ! ಸಿಗ್ನಲ್ ಗದ್ದಲದಲ್ಲಿ ಮುಳುಗಿರುವಾಗ ಎರಡು ಮಾತು ಬೇರ್ಪಡಿಸುವ ಆಸೆ ಬಿಡಬೇಕು. ಒಂದು ಮಾತಾದರೂ ಕೇಳಿದರೆ ಸಾಕು ಅನ್ನುವ ಸ್ಥಿತಿ ಅದು. ಆಗ ಬಲ ಕೂಡಿಸುವುದೇ ಸರಿ.

ಅಕ್ಕನ ಮಗನಿಗೆ ನಾನು ಹೇಳಿದ್ದು ಇದನ್ನೇ. "ಯಾವ ವಿಧಾನ ಒಳ್ಳೆಯದು" ಅಂತ ಕೇಳುವ ಮೊದಲು "ನನ್ನ ಸಿಗ್ನಲ್ ಎಷ್ಟು ಗಟ್ಟಿ" ಅಂತ ಕೇಳು. ಬಂದಡ್ಕದ ಆಚೆ ಕಾಡಂಚಿನಲ್ಲಿ ಕುಳಿತು ಒಂದು ಕಡ್ಡಿಗೆ ಪರದಾಡುವವನಿಗೂ, ಕಾಸರಗೋಡು ಪೇಟೆಯಲ್ಲಿ ಟವರ್ ಕಾಣುವ ಮಹಡಿಯಲ್ಲಿ ಕುಳಿತವನಿಗೂ ಒಂದೇ ಉತ್ತರ ಇಲ್ಲ.

ಒಂದೊಂದಾಗಿ ಸೇರಿಸುವುದು, ಒಂದೊಂದಾಗಿ ತೆಗೆಯುವುದು

ಇವೆರಡೂ ನನಗೆ ಇಷ್ಟವಾದ ವಿಧಾನಗಳು. ಸೇರಿಸುವ ವಿಧಾನದಲ್ಲಿ ಖಾಲಿ ಕೈಯಿಂದ ಶುರು. ಮೊದಲು ಅತಿ ಜೋರಿನದೊಂದನ್ನು ಹಿಡಿಯಿರಿ. ಆಮೇಲೆ ಉಳಿದವುಗಳಲ್ಲಿ ಯಾವುದನ್ನು ಸೇರಿಸಿದರೆ ಒಟ್ಟು ಸಾಮರ್ಥ್ಯ ಅತಿ ಹೆಚ್ಚು ಏರುತ್ತದೋ ಅದು. ಹೀಗೆ ಚೈನ್ ಮುಗಿಯುವವರೆಗೆ. ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿದರೆ ಮೊದಲು ಒಂದನೆಯದು, ಆಮೇಲೆ ನೇರವಾಗಿ ಮೂರನೆಯದು. ಎರಡನೆಯದರ ಜೋರಿಗೆ ಮರುಳಾಗುವುದಿಲ್ಲ.

ತೆಗೆಯುವ ವಿಧಾನ ಇದರ ತಿರುಗುಮುರುಗು. ಎಲ್ಲ ಆಂಟೆನಾಗಳೂ ಇವೆ ಅಂತ ಶುರುಮಾಡಿ, ಯಾವುದು ಹೋದರೆ ಅತಿ ಕಡಿಮೆ ನಷ್ಟವೋ ಅದನ್ನು ಕೈಬಿಡುತ್ತಾ ಬರುವುದು. ತೆಗೆಯುವ ಈ ವಿಧಾನವನ್ನು ಗೊರೊಖೊವ್ 2002ರಲ್ಲಿ ಮುಂದಿಟ್ಟರು. ಸೇರಿಸುವ ವಿಧಾನದ ವೇಗದ ರೂಪವನ್ನು ಘರಾವಿ-ಅಲ್ಖನ್ಸಾರಿ ಮತ್ತು ಗರ್ಷ್‌ಮನ್ 2004ರಲ್ಲಿ ಕೊಟ್ಟರು. ಎರಡರಲ್ಲಿ ಯಾವುದು ಮೇಲು?

ಇನ್ನೊಂದು ಲೆಕ್ಕ. ಮೂರು ಆಂಟೆನಾ, ಎರಡು ಚೈನ್. ಮೊದಲನೆಯದಕ್ಕೆ 3 ಮತ್ತು 0. ಎರಡನೆಯದಕ್ಕೆ 0 ಮತ್ತು 3. ಮೂರನೆಯದಕ್ಕೆ 2.4 ಮತ್ತು 2.4. ಬಲ 9, 9, 11.52. ಸೇರಿಸುವ ವಿಧಾನ ಮೊದಲ ಹೆಜ್ಜೆಯಲ್ಲೇ ಮೂರನೆಯದನ್ನು ಹಿಡಿದುಕೊಳ್ಳುತ್ತದೆ, ಆಮೇಲೆ ಬಿಡುವುದಿಲ್ಲ. ಕೊನೆಗೆ ಸಿಗುವುದು 6.2 ಬಿಟ್. ತೆಗೆಯುವ ವಿಧಾನ ಮೂರನ್ನೂ ಒಟ್ಟಿಗೆ ನೋಡುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ಮೂರನೆಯದೇ ಹೆಚ್ಚುವರಿ ಅಂತ ಅದಕ್ಕೆ ಕಾಣುತ್ತದೆ, ಅದನ್ನೇ ಬಿಡುತ್ತದೆ. ಸಿಗುವುದು 6.64 ಬಿಟ್.

ಹಾಗಾದರೆ ತೆಗೆಯುವುದೇ ಮೇಲು ಅನ್ನಬಹುದಾ? ಗುಣ ನೋಡಿದರೆ ಸಾಮಾನ್ಯವಾಗಿ ಹೌದು, ಸ್ವಲ್ಪ. ಆದರೆ 64 ಆಂಟೆನಾಗಳಲ್ಲಿ 8 ಬೇಕಾದರೆ ಸೇರಿಸುವವನಿಗೆ 8 ಹೆಜ್ಜೆ, ತೆಗೆಯುವವನಿಗೆ 56 ಹೆಜ್ಜೆ. ಹಾಗಾಗಿ ನನ್ನ ಮಾತು ಹೀಗೆ. ಇರುವುದರಲ್ಲಿ ಸ್ವಲ್ಪವೇ ಬೇಕಾದರೆ ಸೇರಿಸಿ, ಸ್ವಲ್ಪವೇ ಬಿಡಬೇಕಾದರೆ ತೆಗೆಯಿರಿ. ಸೇರಿಸುವ ವಿಧಾನಕ್ಕೆ ಗಣಿತದ ಒಂದು ಅಭಯವೂ ಉಂಟು. ಪಡೆಯುವ ಕಡೆಯ ಆಯ್ಕೆಯಲ್ಲಿ ಅದು ಎಷ್ಟೇ ಎಡವಿದರೂ ಅತ್ಯುತ್ತಮ ಸಾಮರ್ಥ್ಯದ 63 ಶೇಕಡಾಕ್ಕಿಂತ ಕೆಳಗೆ ಹೋಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಅದು ಎಡವಿದಾಗಲೂ 93 ಶೇಕಡಾ ಕೊಟ್ಟಿತು ನೋಡಿ.

ಎಲ್ಲ ಜೋಡಣೆಗಳನ್ನೂ ನೋಡಿಬಿಡುವುದು

ನಾಲ್ಕರಲ್ಲಿ ಎರಡು ಬೇಕಾ, ಆರೇ ಜೋಡಣೆ, ಎಲ್ಲವನ್ನೂ ನೋಡಿ. ಎಂಟರಲ್ಲಿ ನಾಲ್ಕು, 70 ಜೋಡಣೆ, ಈಗಿನ ಚಿಪ್ಪಿಗೆ ಅದೇನು ದೊಡ್ಡದಲ್ಲ. 16ರಲ್ಲಿ 4 ಅಂದರೆ 1,820. ಇಲ್ಲಿಗೆ ಉಸಿರು ಕಟ್ಟಲು ಶುರು. 64ರಲ್ಲಿ 8 ಅಂದರೆ 442 ಕೋಟಿಗೂ ಜಾಸ್ತಿ. ಅದೇ ಕೆಲಸವನ್ನು ಒಂದೊಂದಾಗಿ ಸೇರಿಸುವ ವಿಧಾನ 484 ಪರೀಕ್ಷೆಗಳಲ್ಲಿ ಮುಗಿಸುತ್ತದೆ. ಪ್ರಾಜೆಕ್ಟಿನಲ್ಲಿ ಗ್ರಾಫಿನ ಮೇಲಿನ ಗೆರೆ ಎಳೆಯಲು, ಅಂದರೆ "ಇದಕ್ಕಿಂತ ಮೇಲೆ ಹೋಗಲು ಆಗುವುದಿಲ್ಲ" ಅಂತ ತೋರಿಸಲು ಇದು ಬೇಕು. ನಿಜವಾದ ಯಂತ್ರದಲ್ಲಿ ಎಂಟು ಆಂಟೆನಾ ದಾಟಿದ ಮೇಲೆ ಬೇಡ.

ಈಚೆಗೆ ಮಷೀನ್ ಲರ್ನಿಂಗ್‌ನಿಂದ ಆರಿಸುವ ಪ್ರಬಂಧಗಳು ರಾಶಿ ರಾಶಿ ಬರುತ್ತಿವೆ. ನನಗೆ ಅಷ್ಟು ಉತ್ಸಾಹ ಇಲ್ಲ. ಕಲಿಸಲು ಬೇಕಾದ ಸರಿ ಉತ್ತರಗಳನ್ನು ಕೊನೆಗೆ ಈ ಎಲ್ಲ ಜೋಡಣೆ ನೋಡುವ ವಿಧಾನದಿಂದಲೋ ಸೇರಿಸುವ ವಿಧಾನದಿಂದಲೋ ತಯಾರಿಸಬೇಕು. ಒಂದು ಊರಿನ ದಾರಿಯಲ್ಲಿ ಕಲಿತದ್ದು ಇನ್ನೊಂದು ಊರಲ್ಲಿ ನಡೆಯಬೇಕು ಅಂತ ಇಲ್ಲ.

ಪ್ರಬಂಧಗಳಲ್ಲಿ ಮೂಲೆಗೆ ಸರಿಯುವ ಖರ್ಚುಗಳು

ಮೇಲೆ ಹೇಳಿದ ಎಲ್ಲ ಲೆಕ್ಕಗಳೂ ಒಂದು ವಿಷಯವನ್ನು ಪುಕ್ಕಟೆ ಅಂತ ಇಟ್ಟುಕೊಂಡಿವೆ. ಎಲ್ಲ ಎಂಟು ಆಂಟೆನಾಗಳ ದಾರಿಯೂ ನಮಗೆ ಗೊತ್ತು ಅಂತ. ಎಲ್ಲಿಂದ ಗೊತ್ತಾಗುತ್ತದೆ? ಚೈನ್ ಇರುವುದು ನಾಲ್ಕೇ. ಮೊದಲು ನಾಲ್ಕನ್ನು ಅಳೆದು, ಸ್ವಿಚ್ಚು ತಿರುಗಿಸಿ, ಉಳಿದ ನಾಲ್ಕನ್ನು ಅಳೆಯಬೇಕು. ಎರಡು ಸುತ್ತು. 64 ಆಂಟೆನಾಕ್ಕೆ 8 ಚೈನ್ ಇದ್ದರೆ ಎಂಟು ಸುತ್ತು. ಅಷ್ಟು ಹೊತ್ತು ದಾರಿ ಬದಲಾಗದೆ ನಿಂತಿರಬೇಕು.

ನಿಲ್ಲುತ್ತದಾ? 2,300 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 13 ಸೆಂಟಿಮೀಟರ್. ಗಂಟೆಗೆ 3 ಕಿಲೋಮೀಟರ್ ವೇಗದಲ್ಲಿ ಅಂಗಳದಲ್ಲಿ ನಡೆಯುವವನ ಫೋನಿಗೆ ದಾರಿ ಸುಮಾರು 65 ಮಿಲಿಸೆಕೆಂಡ್ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ. ಆರಾಮವಾಗಿ ಅಳೆದು, ಆರಿಸಿ, ಬಳಸಬಹುದು. ಅದೇ ಮನುಷ್ಯ ತಲಪಾಡಿಯಿಂದ ಕಾಸರಗೋಡಿಗೆ ಹೆದ್ದಾರಿಯಲ್ಲಿ 60 ಕಿಲೋಮೀಟರ್ ವೇಗದ ಬಸ್ಸಿನಲ್ಲಿ ಕೂತರೆ ಅದು 3 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ನೀವು ಅಳೆದು ಲೆಕ್ಕ ಹಾಕಿ ಆರಿಸುವಷ್ಟರಲ್ಲಿ ಆ ಆಂಟೆನಾ ಗುಂಡಿಗೆ ಬಿದ್ದಿರುತ್ತದೆ. ಓಡುವ ಬಸ್ಸಿಗೆ ಜಾಣ ವಿಧಾನಕ್ಕಿಂತ ಬೇಗ ಮುಗಿಯುವ ವಿಧಾನ ಮೇಲು.

ಎರಡನೇ ಖರ್ಚು ಸ್ವಿಚ್ಚಿನದೇ. ಸ್ವಿಚ್ಚು ಒಂದಿಷ್ಟು ಸಿಗ್ನಲ್ ನುಂಗುತ್ತದೆ. 1 ಡಿಬಿ ನುಂಗಿದರೆ ಶಕ್ತಿಯ ಐದರಲ್ಲಿ ಒಂದು ಪಾಲು ಹೋಯಿತು. ಪಡೆಯುವ ಕಡೆ ಅದು ಮೊದಲ ಆಂಪ್ಲಿಫೈಯರ್‌ಗಿಂತ ಮುಂಚೆ ಕೂತಿದ್ದರೆ ನಷ್ಟ ನೇರವಾಗಿ ಗದ್ದಲದ ಲೆಕ್ಕಕ್ಕೆ ಸೇರುತ್ತದೆ. ಆಂಪ್ಲಿಫೈಯರನ್ನು ಸ್ವಿಚ್ಚಿಗಿಂತ ಮುಂಚೆಯೇ ಇಡಬಹುದು, ಆದರೆ ಆಗ ಎಂಟು ಆಂಟೆನಾಕ್ಕೆ ಎಂಟು ಆಂಪ್ಲಿಫೈಯರ್ ಬೇಕು, ಉಳಿಸಿದ ಖರ್ಚು ವಾಪಸ್ ಬಂತು. 3.2 ಡಿಬಿ ಲಾಭದಲ್ಲಿ 1 ಡಿಬಿ ಸ್ವಿಚ್ಚು ತಿಂದರೆ ಉಳಿದದ್ದೆಷ್ಟು ಅಂತ ಪ್ರಾಜೆಕ್ಟ್ ವರದಿಯಲ್ಲಿ ಬರೆಯಬೇಕು. ಬರೆಯುವವರು ಕಡಿಮೆ.

ಮೂರನೆಯದು, 4ಜಿ ಮತ್ತು 5ಜಿ ಎರಡೂ ಅಗಲವಾದ ಬ್ಯಾಂಡನ್ನು ನೂರಾರು ಸಣ್ಣ ಎಳೆಗಳಾಗಿ ಸೀಳಿ ಬಳಸುತ್ತವೆ. ಒಂದು ಎಳೆಗೆ ಒಳ್ಳೆಯ ಆಂಟೆನಾ ಇನ್ನೊಂದು ಎಳೆಗೆ ಕೆಟ್ಟದಾಗಿರಬಹುದು. ಸ್ವಿಚ್ಚು ಎಳೆ ಎಳೆಗೂ ಬೇರೆ ಬೇರೆ ತಿರುಗಲಾರದು. ಹಾಗಾಗಿ ಇಡೀ ಬ್ಯಾಂಡಿಗೆ ಸರಾಸರಿ ನೋಡಿ ಆರಿಸಬೇಕು. ದಾರಿಯಲ್ಲಿ ಪ್ರತಿಫಲನ ಜಾಸ್ತಿ ಇದ್ದಷ್ಟೂ ಆ ಸರಾಸರಿಗಳು ಒಂದೇ ತರ ಕಾಣಲು ಶುರುವಾಗುತ್ತವೆ, ಆರಿಸಿದ ಲಾಭ ಕುಗ್ಗುತ್ತದೆ. ಒಂದೇ ಎಳೆ ಇಟ್ಟುಕೊಂಡು ಬರೆದ ಹಳೆಯ ಗ್ರಾಫುಗಳನ್ನು ನೋಡಿ ಹಿಗ್ಗಬೇಡಿ.

ಕಳಿಸುವ ಕಡೆಯ ಆಯ್ಕೆಗೆ ಇನ್ನೊಂದು ತೊಡಕು. ಯಾವುದು ಒಳ್ಳೆಯದು ಅಂತ ಪಡೆಯುವವನಿಗೆ ಗೊತ್ತಿರುತ್ತದೆ, ಕಳಿಸುವವನಿಗೆ ಗೊತ್ತಿರುವುದಿಲ್ಲ. 1,800 ಮೆಗಾಹರ್ಟ್ಸ್‌ನ ಬ್ಯಾಂಡ್ 3ರಂತೆ ಹೋಗುವ ಬರುವ ದಾರಿಗೆ ಬೇರೆ ಬೇರೆ ಆವರ್ತನ ಇದ್ದರೆ ಅದನ್ನು ತಿರುಗಿ ಹೇಳಿಕಳಿಸಬೇಕು. ನಾಲ್ಕರಲ್ಲಿ ಒಂದು ಅಂತ ಹೇಳಲು ಎರಡು ಬಿಟ್ ಸಾಕು, ಅದೇನೂ ಭಾರ ಅಲ್ಲ. ಬ್ಯಾಂಡ್ 40, ಎನ್78ರಂತೆ ಒಂದೇ ಆವರ್ತನದಲ್ಲಿ ಸರದಿ ಪ್ರಕಾರ ಮಾತಾಡುವ ಕಡೆ ಹೇಳಿಕಳಿಸುವುದೂ ಬೇಡ, ಬಂದ ದಾರಿಯೇ ಹೋಗುವ ದಾರಿ. ನಿಜವಾದ ಮೋಸ ಬೇರೆ ಕಡೆ ಉಂಟು. ಪ್ರಬಂಧಗಳಲ್ಲಿ ನಾಲ್ಕು ಆಂಟೆನಾ ಬಿಟ್ಟು ನಾಲ್ಕನ್ನು ಬಳಸಿದರೆ ಪೂರ್ತಿ ಶಕ್ತಿ ಆ ನಾಲ್ಕಕ್ಕೇ ಹೋಗುತ್ತದೆ ಅಂತ ಇಟ್ಟುಕೊಳ್ಳುತ್ತಾರೆ. ಪ್ರತಿ ಆಂಟೆನಾಕ್ಕೂ ಅದರದೇ ಪವರ್ ಆಂಪ್ಲಿಫೈಯರ್ ಇರುವ ಟವರ್‌ನಲ್ಲಿ ಅದು ನಡೆಯುವುದಿಲ್ಲ. ನಾಲ್ಕನ್ನು ಮಲಗಿಸಿದರೆ ಅವುಗಳ ಶಕ್ತಿಯೂ ಮಲಗುತ್ತದೆ. 64 ಚೈನಿನ ದೊಡ್ಡ 5ಜಿ ಟವರ್‌ಗಳಲ್ಲಿ ರಾತ್ರಿ ಜನ ಕಡಿಮೆ ಇದ್ದಾಗ ಒಂದಷ್ಟು ಚೈನ್ ಆಫ್ ಮಾಡಿಡುವುದು ಕರೆಂಟ್ ಉಳಿಸಲಿಕ್ಕೆ, ಸ್ಪೀಡ್ ಏರಿಸಲಿಕ್ಕೆ ಅಲ್ಲ.

ನಿಧಾನವಾಗಿ, ಒಮ್ಮೆಗೇ ಆರಿಸಿಬಿಡುವುದು

ಈ ವಿಧಾನಕ್ಕೆ ಪ್ರಬಂಧಗಳಲ್ಲಿ ಮರ್ಯಾದೆ ಕಡಿಮೆ, ಮನೆಯಲ್ಲಿ ಜಾಸ್ತಿ. ಕ್ಷಣಕ್ಷಣದ ಏರಿಳಿತ ಬಿಡಿ. ಹಲವು ದಿನದ ಸರಾಸರಿ ನೋಡಿ, ಯಾವ ಆಂಟೆನಾ ಯಾವುದಕ್ಕಿಂತ ಬೇರೆಯಾಗಿ ಕೇಳುತ್ತದೆ ಅಂತ ತಿಳಿದು, ಒಮ್ಮೆ ಆರಿಸಿ ಗಟ್ಟಿಯಾಗಿ ಕಟ್ಟಿಬಿಡುವುದು. ಅಲುಗಾಡದ ರೌಟರಿಗೆ ಇದೇ ಸರಿ. ಇಲ್ಲಿ ಸ್ವಿಚ್ಚು ಅಂದರೆ ಏಣಿ ಹತ್ತಿದ ನೀವೇ.

ಬೇರೆಯಾಗಿ ಕೇಳುವ ಹಾಗೆ ಮಾಡುವುದು ಹೇಗೆ? ದೂರ ಇಡುವುದು ಒಂದು ದಾರಿ. ಅರ್ಧ ಅಲೆಯಷ್ಟು ದೂರ ಸಾಕು ಅಂತ ಪುಸ್ತಕ ಹೇಳುತ್ತದೆ. 2,300ರಲ್ಲಿ ಅದು 6.5 ಸೆಂಟಿಮೀಟರ್, 900ರಲ್ಲಿ ಸುಮಾರು 17. ಆದರೆ ಈ ಲೆಕ್ಕ ಅಲೆಗಳು ಎಲ್ಲ ದಿಕ್ಕಿನಿಂದಲೂ ಬರುವ ಜಾಗಕ್ಕೆ, ಅಂದರೆ ಮನೆಯೊಳಗಿನ ಫೋನಿಗೆ. ಮಾಡಿನ ಮೇಲೆ, ದೂರದ ಒಂದು ಟವರಿನಿಂದ ಒಂದೇ ಕಡೆಯಿಂದ ಸಿಗ್ನಲ್ ಬರುವಾಗ ಅರ್ಧ ಅಲೆಯಲ್ಲ, ಒಂದು ಮೀಟರ್ ದೂರ ಇಟ್ಟರೂ ಎರಡು ಆಂಟೆನಾ ಒಂದೇ ಮಾತು ಕೇಳಬಹುದು. ಅಲ್ಲಿ ಕೆಲಸಕ್ಕೆ ಬರುವುದು ತಿರುಗಿಸುವುದು. ಟವರ್‌ನ ಆಂಟೆನಾಗಳು ಸಾಮಾನ್ಯವಾಗಿ ಒಂದು ಬಲಕ್ಕೆ 45 ಡಿಗ್ರಿ, ಇನ್ನೊಂದು ಎಡಕ್ಕೆ 45 ಡಿಗ್ರಿ ಓರೆಯಾಗಿ ಕಳಿಸುತ್ತವೆ. ನೀವೂ ಹಾಗೆಯೇ ಕತ್ತರಿ ಆಕಾರದಲ್ಲಿ ಕಟ್ಟಿ. ನಾನು ಮೊದಲು ಒಂದು ನೆಟ್ಟಗೆ, ಒಂದು ಅಡ್ಡ ಕಟ್ಟಿದ್ದೆ. ಆಮೇಲೆ ಓರೆ ಮಾಡಿದೆ.

ಕೊಳ್ಳುವುದಾದರೆ

ಎರಡು ಬೇರೆ ಯಾಗಿ (ಹಳೆಯ ಟಿವಿ ಆಂಟೆನಾದಂತೆ ಸಾಲು ಕಡ್ಡಿಗಳಿರುವ) ಆಂಟೆನಾಗಳಾ, ಒಂದೇ ಡಬ್ಬದೊಳಗೆ ಎರಡು ಓರೆ ಆಂಟೆನಾ ಇರುವ ಪ್ಯಾನೆಲ್ಲಾ ಅಂತ ಕೇಳಿದರೆ ಹೆಚ್ಚಿನವರಿಗೆ ನಾನು ಪ್ಯಾನೆಲ್ ಅನ್ನುತ್ತೇನೆ. ಕಟ್ಟುವಾಗ ತಪ್ಪು ಮಾಡಲು ಆಗುವುದಿಲ್ಲ. ಸಿಗ್ನಲ್ ತೀರಾ ಕಡಿಮೆ, ಟವರ್ ತೀರಾ ದೂರ ಇದ್ದರೆ ಯಾಗಿ. ಸುತ್ತಲೂ ಕೇಳುವ ಕೋಲಿನಂಥ ಆಂಟೆನಾ ಗುಡ್ಡೆ ಪ್ರದೇಶದ ಮನೆಗೆ ನನಗೆ ಹಿಡಿಸಲಿಲ್ಲ. ಅದು ಬೇಡದ ಟವರ್‌ಗಳ ಗದ್ದಲವನ್ನೂ ತರುತ್ತದೆ. ಗಡಿಯ ಹತ್ತಿರ, ಕೇರಳದ ಟವರ್ ಒಂದು ಕಡೆ, ಕರ್ನಾಟಕದ ಟವರ್ ಇನ್ನೊಂದು ಕಡೆ ಇರುವ ಜಾಗಗಳಲ್ಲಂತೂ ಬೇಡವೇ ಬೇಡ.

ಆಂಟೆನಾಕ್ಕಿಂತ ಕೇಬಲ್ ನೋಡಿ ಕೊಳ್ಳಿ. ಆರ್‌ಜಿ58 ಅನ್ನುವ ತೆಳ್ಳಗಿನ ಕೇಬಲ್ 2,300 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೀಟರಿಗೆ ಸುಮಾರು 1 ಡಿಬಿ ತಿನ್ನುತ್ತದೆ. 10 ಮೀಟರ್ ಎಳೆದರೆ ಆಂಟೆನಾ ಹಿಡಿದ ಶಕ್ತಿಯ ಹತ್ತರಲ್ಲಿ ಒಂದು ಪಾಲು ಮಾತ್ರ ರೌಟರಿಗೆ ಮುಟ್ಟುತ್ತದೆ. ಎಲ್‌ಎಂಆರ್400 ತರದ ದಪ್ಪ ಕೇಬಲ್ಲಿನಲ್ಲಿ ಅಷ್ಟೇ ದೂರಕ್ಕೆ 2 ಡಿಬಿ ಸ್ವಲ್ಪ ದಾಟುತ್ತದೆ, ಅಷ್ಟೇ. ತೆಳ್ಳಗಿನ ಕೇಬಲ್ ಉದ್ದ ಎಳೆಯಬೇಕಾದ ಮನೆಯಲ್ಲಿ ಹೊರಗಿನ ಆಂಟೆನಾಕ್ಕಿಂತ ರೌಟರಿನ ಒಳಗಿನ ಆಂಟೆನಾವೇ ಗೆಲ್ಲಬಹುದು. ಕೆಲವು ರೌಟರುಗಳಲ್ಲಿ ಒಳಗಿನದು, ಹೊರಗಿನದು ಅಂತ ಆರಿಸುವ ಸೆಟ್ಟಿಂಗ್ ಇರುತ್ತದೆ. ಎರಡನ್ನೂ ಒಂದೊಂದು ದಿನ ಇಟ್ಟು ನೋಡಿ.

ನೋಡುವಾಗ ಕಡ್ಡಿ ನೋಡಬೇಡಿ. ರೌಟರಿನ ಪುಟದಲ್ಲಿ ಆರ್‌ಎಸ್‌ಆರ್‌ಪಿ ಅಂತ ಒಂದು ಅಂಕಿ ಇರುತ್ತದೆ, ಅದು ಬಲ. ಎಸ್‌ಐಎನ್‌ಆರ್ ಅಂತ ಇನ್ನೊಂದು, ಅದು ಗದ್ದಲಕ್ಕೆ ಹೋಲಿಸಿದ ಬಲ. ಕೆಲವು ಮಾದರಿಗಳಲ್ಲಿ ರ್‍ಯಾಂಕ್ ಅಂತಲೂ ತೋರಿಸುತ್ತಾರೆ, ಒಂದೇ ಸಲಕ್ಕೆ ಎಷ್ಟು ಮಾತು ಬೇರ್ಪಡಿಸಲು ಆಗುತ್ತಿದೆ ಅನ್ನುವ ಲೆಕ್ಕ ಅದು. ಎಸ್‌ಐಎನ್‌ಆರ್ ಚೆನ್ನಾಗಿದ್ದೂ ರ್‍ಯಾಂಕ್ 1ರಲ್ಲೇ ಕೂತಿದ್ದರೆ ನೀವು ಒಂದೇ ಒರತೆಗೆ ಎರಡು ಸುರಂಗ ಕೊರೆದಿದ್ದೀರಿ, ಏಣಿ ತನ್ನಿ. ಎಸ್‌ಐಎನ್‌ಆರ್ ಸೊನ್ನೆಯ ಹತ್ತಿರ ಇದ್ದರೆ ರ್‍ಯಾಂಕಿನ ಚಿಂತೆ ಬಿಟ್ಟು ಎರಡನ್ನೂ ಟವರಿನ ಕಡೆಗೆ ಗುರಿಯಿಟ್ಟು ಬಲ ಏರಿಸಿ. ಈ ಪರೀಕ್ಷೆಯನ್ನು ಬೇಸಿಗೆಯಲ್ಲಿ ಮಾತ್ರ ಮಾಡಿ ಸುಮ್ಮನಾಗಬೇಡಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಅಡಿಕೆ ಸೋಗೆ ನೀರು ಕುಡಿದು ತೂಗುವಾಗ ತೋಟದ ಮೂಲಕ ಬರುವ ದಾರಿ ಸೊರಗುತ್ತದೆ. ಸೊರಗಿಸುವುದು ಮಳೆಹನಿಗಿಂತ ಒದ್ದೆ ಎಲೆ ಜಾಸ್ತಿ. ನಮ್ಮಲ್ಲಿ ಮಾರ್ಚಿನಲ್ಲಿ ತೋಟದ ಕಡೆಯ ದಿಕ್ಕು ಚೆನ್ನಾಗಿತ್ತು, ಜುಲೈಯಲ್ಲಿ ದರೆಗೆ ಬಡಿದು ಬರುವ ದಿಕ್ಕೇ ಗೆದ್ದಿತು. ಈಗ ಒಂದು ಪ್ಯಾನೆಲ್ ದರೆಯ ಕಡೆಗೇ ಇದೆ.

ಅಕ್ಕನ ಮಗ ಕೊನೆಗೆ ಸೇರಿಸುವ ವಿಧಾನ ಹಿಡಿದ. 70 ಜೋಡಣೆಗಳನ್ನೂ ನೋಡಿ ಮೇಲಿನ ಗೆರೆ ಎಳೆದ, ಸ್ವಿಚ್ಚಿನ 1 ಡಿಬಿಯನ್ನೂ ಕಳೆದು ತೋರಿಸಿದ.

ಇನ್ನೊಂದು, ಮಾಡಿನ ಮೇಲೆ ಲೋಹದ ಪೈಪ್ ಏರಿಸುವವರು ಅರ್ತಿಂಗ್ ಮಾಡಿಸಿ, ಕೇಬಲ್ ಒಳಬರುವಲ್ಲಿ ಸಿಡಿಲು ತಡೆಯುವ ಅರೆಸ್ಟರ್ ಹಾಕಿಸಿ. ಅಕ್ಟೋಬರ್, ನವೆಂಬರ್ ಸಂಜೆ ಮೂಡಣದಲ್ಲಿ ಗುಡುಗು ಕೇಳಲು ಶುರುವಾಗುವ ಮೊದಲೇ ರೌಟರಿನಿಂದ ಕೇಬಲ್ ಕಳಚಿ, ಪ್ಲಗ್ಗನ್ನೂ ತೆಗೆದಿಡಿ. ಗುಡುಗು ತಲೆಯ ಮೇಲೆ ಬಂದ ಮೇಲೆ ಆ ಕೇಬಲ್ ಮುಟ್ಟಲು ಹೋಗಬೇಡಿ.